ತೀನ್ ಕಂದೀಲ್‌ನ ಹೊಸ ಫ್ಲ್ಯಾಟೋ, ಊರಾಚೆಯ ದೊಡ್ಡ ಅಪಾರ್ಟ್‌ಮೆಂಟೋ, ಅಜ್ಜನ ಮಾಳಿಗೆ ಮನೆಯೋ?

ಅವ್ವನಿಗೆ ಈಗ ಎಪ್ಪತ್ತೆರಡು. ರಾಯಚೂರಿನ ಹಳೆಯ ಪೇಟೆಯ ತೀನ್ ಕಂದೀಲ್ ವೃತ್ತದಿಂದ ಒಳಗೆ ಹೊರಳುವ ಓಣಿಯಲ್ಲಿ ಅಜ್ಜ ಕಟ್ಟಿಸಿದ, ಮಣ್ಣಿನ ಸಮತಟ್ಟು ಛಾವಣಿಯ ಮಾಳಿಗೆ ಮನೆಯಲ್ಲೇ ಆಕೆಯ ಇಡೀ ಸಂಸಾರ ನಡೆದದ್ದು. ಬೆಳಿಗ್ಗೆ ಸೊಪ್ಪಿನವಳ ಬುಟ್ಟಿ ಕಟ್ಟೆಯ ಮೇಲೆ ಇಳಿಯಬೇಕು, ಸಂಜೆ ಗುಡಿಯ ಗಂಟೆ ಕಿವಿಗೆ ಬೀಳಬೇಕು. ಆದರೆ ಮಾಳಿಗೆ ಸೋರುತ್ತಿದೆ, ಬಚ್ಚಲು ಅಂಗಳದ ಆಚೆ ಇದೆ, ಮೊಣಕಾಲು ಮೊದಲಿನಂತೆ ಮಾತು ಕೇಳುವುದಿಲ್ಲ. ಕಳೆದ ಏಪ್ರಿಲ್‌ನಲ್ಲಿ ತಮ್ಮ ಹೈದರಾಬಾದಿನಿಂದ ಬಂದಾಗ ಮೂವರೂ ಕುಳಿತು ಮಾತಾಡಿದೆವು. ನಮ್ಮ ಮುಂದೆ ಮೂರು ದಾರಿಗಳಿದ್ದವು. ಪಕ್ಕದ ಬೀದಿಯಲ್ಲೇ ಏಳುತ್ತಿದ್ದ ಸಣ್ಣ ಅಪಾರ್ಟ್‌ಮೆಂಟಿನಲ್ಲಿ ಒಂದು ಮನೆ ಕೊಳ್ಳುವುದು. ಲಿಂಗಸುಗೂರು ರಸ್ತೆಯ ಕಡೆ ದೊಡ್ಡ ಸಮುಚ್ಚಯದಲ್ಲಿ ಫ್ಲ್ಯಾಟ್ ತೆಗೆದುಕೊಳ್ಳುವುದು. ಇಲ್ಲವೆಂದರೆ ಇರುವ ಮನೆಯನ್ನೇ ದುರಸ್ತಿ ಮಾಡಿಸುವುದು.

ನಾನು ಸಿವಿಲ್ ಡಿಪ್ಲೊಮಾ ಮುಗಿಸಿ ಹತ್ತೊಂಬತ್ತು ವರ್ಷ ಸೈಟುಗಳಲ್ಲಿ ಮೇಲ್ವಿಚಾರಣೆಯ ಕೆಲಸ ಮಾಡಿದವನು. ಬಜಾರಿನ ಇಕ್ಕಟ್ಟಿನಲ್ಲೂ ಕಟ್ಟಿಸಿದ್ದೇನೆ, ಊರಾಚೆಯ ಹೊಲಗಳಲ್ಲೂ ಕಟ್ಟಿಸಿದ್ದೇನೆ. ಹೀಗಾಗಿ ನೆಂಟರು, ಪರಿಚಯದವರು ಫ್ಲ್ಯಾಟ್ ನೋಡಲು ಹೋಗುವಾಗ ನನ್ನನ್ನು ಕರೆಯುತ್ತಾರೆ. ಈ ಸಲ ನಮ್ಮ ಮನೆಗೇ ಹುಡುಕಬೇಕಾಗಿ ಬಂದಾಗ, ಬೇರೆಯವರಿಗೆ ಅರ್ಧ ಗಂಟೆಯಲ್ಲಿ ಹೇಳಿ ಮುಗಿಸುತ್ತಿದ್ದ ಮಾತುಗಳನ್ನು ಮೂರು ತಿಂಗಳು ಕುಳಿತು ಯೋಚಿಸಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಯಾರು ಪರೀಕ್ಷಿಸುತ್ತಾರೆ?

ಹೆಚ್ಚಿನವರು ಚದರ ಅಡಿಯ ದರದಿಂದ ಹೋಲಿಕೆ ಶುರು ಮಾಡುತ್ತಾರೆ. ನಾನು ಶುರು ಮಾಡುವುದು ರೇರಾ ಕಾಯ್ದೆಯಿಂದ, ಅಂದರೆ ಮನೆ ಕಟ್ಟಿ ಮಾರುವವರನ್ನು ಹದ್ದಿನಲ್ಲಿಡುವ ಕಾನೂನಿನಿಂದ. 2016ರ ಆ ಕಾಯ್ದೆಯ ಪ್ರಕಾರ, ಜಾಗ 500 ಚದರ ಮೀಟರ್ ಒಳಗಿದ್ದರೆ ಅಥವಾ ಮನೆಗಳು ಎಂಟನ್ನು ಮೀರದಿದ್ದರೆ ಯೋಜನೆಯನ್ನು ನೋಂದಾಯಿಸುವ ಕಡ್ಡಾಯವಿಲ್ಲ. ಈಗ ನಮ್ಮ ಹಳೆಯ ಪೇಟೆಯನ್ನು ನೋಡಿ. ಅಣ್ಣತಮ್ಮಂದಿರು ಪಾಲು ಮಾಡಿಕೊಂಡು ಉಳಿದ ಜಾಗಗಳು ಮೂವತ್ತು-ನಲವತ್ತು, ಹೆಚ್ಚೆಂದರೆ ನಲವತ್ತು-ಅರವತ್ತು. ನಲವತ್ತು-ಅರವತ್ತು ಎಂದರೆ 2,400 ಚದರ ಅಡಿ, ಅಂದರೆ ಸುಮಾರು 223 ಚದರ ಮೀಟರ್. ಅದರಲ್ಲಿ ಅಂತಸ್ತಿಗೆ ಎರಡರಂತೆ ಎಂಟು ಮನೆ ಏಳುತ್ತವೆ. ಎರಡೂ ಲೆಕ್ಕದಲ್ಲಿ ಕಟ್ಟಡ ನೋಂದಣಿಯಿಂದ ಹೊರಗೆ.

ಊರಾಚೆ ಎಕರೆಗಟ್ಟಲೆ ಜಾಗದಲ್ಲಿ ಏಳುವ ಸಮುಚ್ಚಯಕ್ಕೆ ನೋಂದಣಿ ಸಂಖ್ಯೆ ಇರಲೇಬೇಕು. ಕೊಳ್ಳುವವರಿಂದ ಬಂದ ಹಣದ ಶೇಕಡಾ 70 ಭಾಗ ಪ್ರತ್ಯೇಕ ಖಾತೆಯಲ್ಲಿ ಇರಬೇಕು, ಅದೇ ಕಟ್ಟಡದ ನೆಲಕ್ಕೂ ನಿರ್ಮಾಣಕ್ಕೂ ಮಾತ್ರ ಬಳಕೆಯಾಗಬೇಕು. ನೋಂದಾಯಿತ ಕರಾರು ಆಗುವ ಮೊದಲು ಶೇಕಡಾ 10ಕ್ಕಿಂತ ಹೆಚ್ಚು ಮುಂಗಡ ಕೇಳುವಂತಿಲ್ಲ. ಮನೆ ಕೈಗೆ ಬಂದ ದಿನದಿಂದ ಐದು ವರ್ಷದೊಳಗೆ ಕಟ್ಟಡದ ರಚನೆಯಲ್ಲಿ ಅಥವಾ ಕೆಲಸದ ಗುಣಮಟ್ಟದಲ್ಲಿ ದೋಷ ಕಂಡರೆ, ತಿಳಿಸಿದ 30 ದಿನದೊಳಗೆ ಬಿಲ್ಡರ್ ತನ್ನ ಖರ್ಚಿನಲ್ಲಿ ಸರಿಪಡಿಸಬೇಕು. ಮಂಜೂರಾದ ನಕ್ಷೆ, ಕೆಲಸದ ಪ್ರಗತಿ, ಎಲ್ಲವನ್ನೂ ರಾಜ್ಯದ ರೇರಾ ಜಾಲತಾಣದಲ್ಲಿ ಮನೆಯಲ್ಲೇ ಕುಳಿತು ನೋಡಬಹುದು.

ಬಜಾರಿನ ಸಣ್ಣ ಕಟ್ಟಡದಲ್ಲಿ ಈ ಕಾವಲು ಇಲ್ಲ. ಹಾಗೆಂದು ಅದು ಕೆಟ್ಟ ಕಟ್ಟಡ ಎಂದಲ್ಲ. ಮನೆತನದ ಹೆಸರು ಉಳಿಸಿಕೊಳ್ಳಲು ಒಂದು ಸರಳೂ ಕಡಿಮೆ ಹಾಕದೆ ಕಟ್ಟಿದ ಸಣ್ಣ ಬಿಲ್ಡರುಗಳನ್ನು ನಾನು ಬಲ್ಲೆ. ಆದರೆ ಅಲ್ಲಿ ಪರೀಕ್ಷಿಸುವ ಕೆಲಸ ಕೊಳ್ಳುವವನದೇ. ಐದು ವರ್ಷದ ಹೊಣೆಯನ್ನು ಕರಾರಿನಲ್ಲಿ ಬರೆಸಿಕೊಳ್ಳುವ ಕೆಲಸವೂ ಅವನದೇ. ಬರೆಸಿಕೊಂಡರೆ ಅದಕ್ಕೆ ಬೆಲೆ ಇದೆ: 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಮನೆ ನಿರ್ಮಾಣವೂ ಒಂದು ಸೇವೆಯೇ, ಕೊಟ್ಟ ಹಣ 50 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗದಲ್ಲೇ ದೂರು ಕೊಡಬಹುದು.

ಮಧ್ಯಾಹ್ನ ಎರಡು ಗಂಟೆಗೆ ಸೈಟಿಗೆ ಹೋಗಿ

ಪಕ್ಕದ ಬೀದಿಯ ಕಟ್ಟಡವನ್ನು ನಾನು ಮೊದಲು ನೋಡಿದ್ದು ಮೇ ತಿಂಗಳ ಮಧ್ಯಾಹ್ನ. ಬೇಕೆಂದೇ ಆ ಹೊತ್ತಿಗೆ ಹೋಗಿದ್ದೆ. ಮೂರನೆಯ ಅಂತಸ್ತಿನ ಸ್ಲ್ಯಾಬ್ ಹಾಕಿ ನಾಲ್ಕು ದಿನವಾಗಿತ್ತು. ಮೇಲೆ ಮರಳಿನಿಂದ ಸಣ್ಣ ಬದು ಕಟ್ಟಿ ನೀರು ನಿಲ್ಲಿಸಿದ್ದ ಗುರುತು ಇತ್ತು, ನೀರು ಮಾತ್ರ ಇರಲಿಲ್ಲ. ಕಾಲಂಗಳಿಗೆ ಸುತ್ತಿದ್ದ ಗೋಣಿ ಚೀಲಗಳನ್ನು ಮುಟ್ಟಿದರೆ ಹಪ್ಪಳದ ಹಾಗೆ ಒಣಗಿದ್ದವು. ಮೇಸ್ತ್ರಿಯನ್ನು ಕೇಳಿದೆ. "ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಹೊಡೆಯುತ್ತೇವೆ ಸಾಹೇಬರೇ, ಟ್ಯಾಂಕರ್ ಬರಬೇಕಲ್ಲ" ಎಂದರು. ಅವರು ಸುಳ್ಳು ಹೇಳಲಿಲ್ಲ. ಆದರೆ ರಾಯಚೂರಿನ ಮೇ ತಿಂಗಳಲ್ಲಿ ಹತ್ತು ಗಂಟೆಗೆ ಆರಿದ ಕಾಂಕ್ರೀಟು ಸಂಜೆ ಆರರವರೆಗೆ ಬೆಂಕಿಯಲ್ಲಿ ಬಿದ್ದಿರುತ್ತದೆ.

ಸಿಮೆಂಟ್ ಗಟ್ಟಿಯಾಗುವುದು ಒಣಗುವುದರಿಂದಲ್ಲ. ನೀರನ್ನು ಹೀರಿಕೊಂಡು ಒಳಗೆ ನಡೆಯುವ ಕ್ರಿಯೆಯಿಂದ ಅದು ಕಲ್ಲಾಗುತ್ತದೆ. ನೀರು ತಪ್ಪಿದರೆ ಆ ಕ್ರಿಯೆ ಅರ್ಧಕ್ಕೆ ನಿಲ್ಲುತ್ತದೆ, ಮೇಲ್ಮೈಯಲ್ಲಿ ಕೂದಲೆಳೆಯ ಬಿರುಕು ಬಿಡುತ್ತದೆ. ಆಮೇಲೆ ಎಷ್ಟು ನೀರು ಸುರಿದರೂ ಕಳೆದುಹೋದ ಬಲ ಪೂರ್ತಿ ಬರುವುದಿಲ್ಲ. ನಮ್ಮ ದೇಶದ ಕಾಂಕ್ರೀಟ್ ಸಂಹಿತೆ ಐಎಸ್ 456 ಒಣ ಬಿಸಿ ಹವೆಗೆ ಕನಿಷ್ಠ 10 ದಿನದ ಕ್ಯೂರಿಂಗ್, ಅಂದರೆ ನೀರುಣಿಸುವಿಕೆ, ಹೇಳುತ್ತದೆ. ಹಾರುಬೂದಿ (ಕಲ್ಲಿದ್ದಲು ಸುಟ್ಟ ಬೂದಿ) ಅಥವಾ ಸ್ಲ್ಯಾಗ್ (ಕಬ್ಬಿಣದ ಕುಲುಮೆಯ ಕಿಟ್ಟ) ಬೆರೆತ ಸಿಮೆಂಟಾದರೆ 14 ದಿನಕ್ಕೆ ಹೆಚ್ಚಿಸಿ ಎನ್ನುತ್ತದೆ. ಇಂದು ಅಂಗಡಿಯಲ್ಲಿ ಸಿಗುವ ಚೀಲಗಳಲ್ಲಿ ಬಹುಪಾಲು ಬೆರೆತ ಸಿಮೆಂಟೇ. ಆದ್ದರಿಂದ ನಮ್ಮ ಊರಿಗೆ 14 ದಿನ ಎಂದೇ ಇಟ್ಟುಕೊಳ್ಳಿ. ಆ 14 ದಿನದಲ್ಲಿ ಎರಡು ಮಧ್ಯಾಹ್ನ ನೀವು ಹೋಗಿ ಗೋಣಿ ಚೀಲ ಮುಟ್ಟಿ ನೋಡಿದರೆ ಕಟ್ಟಡದ ಬಗ್ಗೆ ಬ್ರೋಷರ್ ಹೇಳದ ಸತ್ಯ ಗೊತ್ತಾಗುತ್ತದೆ.

ಬಜಾರಿನ ಕಟ್ಟಡಕ್ಕೆ ಇನ್ನೊಂದು ಕಷ್ಟವಿದೆ. ಕಲಸಿದ ಕಾಂಕ್ರೀಟು ತರುವ ರೆಡಿಮಿಕ್ಸ್ ಲಾರಿ ಓಣಿಯೊಳಗೆ ನುಗ್ಗುವುದಿಲ್ಲ. ಮೂಲೆಯಲ್ಲಿ ಮಿಕ್ಸರ್ ಇಟ್ಟು, ಬಾಂಡ್ಲಿಯಲ್ಲಿ ಅಳೆದು ಕಲೆಸಿ, ಲಿಫ್ಟ್ ಯಂತ್ರದಲ್ಲಿ ಮೇಲೆ ಏರಿಸುತ್ತಾರೆ. ಸಂಜೆಯಾದಂತೆ ಕೆಲಸಗಾರರ ತೋಳು ಸೋಲುತ್ತದೆ, ಕಲಸು ಸಲೀಸಾಗಿ ಹರಿಯಲಿ ಎಂದು ಒಂದು ಬಕೆಟ್ ನೀರು ಹೆಚ್ಚು ಬೀಳುತ್ತದೆ. ಆ ಒಂದು ಬಕೆಟ್ ನೀರು ಬಲವನ್ನು ತಿನ್ನುತ್ತದೆ. ಅದನ್ನು ಹಿಡಿಯುವ ಒಂದು ದಾರಿ: ಸ್ಲ್ಯಾಬ್ ಹಾಕುವ ದಿನವೇ ಅದೇ ಕಲಸನ್ನು 150 ಮಿ.ಮೀ. ಅಚ್ಚುಗಳಲ್ಲಿ ತುಂಬಿ ಕ್ಯೂಬ್ (ಘನಾಕಾರದ ಮಾದರಿ ತುಂಡು) ತೆಗೆದು, 28ನೇ ದಿನ ಒಡೆಸಿ ನೋಡುವುದು. ಕಾಂಕ್ರೀಟಿನ ದರ್ಜೆ ಎಂ-25 ಎಂದು ಹೇಳಿದ್ದರೆ ಆ ಕ್ಯೂಬ್ ಪ್ರತಿ ಚದರ ಮಿಲಿಮೀಟರಿಗೆ 25 ನ್ಯೂಟನ್ ಭಾರ ತಾಳಬೇಕು. ಎಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಾಲಯಗಳಲ್ಲಿ ಈ ಪರೀಕ್ಷೆ ಮಾಡಿಸಬಹುದು, ದುಬಾರಿಯೂ ಅಲ್ಲ. "ಪ್ರತಿ ಸ್ಲ್ಯಾಬಿನ ಕ್ಯೂಬ್ ವರದಿ ತೋರಿಸಿ" ಎಂದು ಕೇಳಿ. ಫೈಲಿನಿಂದ ತೆಗೆದು ಕೊಡುವವರು ಒಂದು ಬಗೆ, "ನಮ್ಮ ಮೇಲೆ ನಂಬಿಕೆ ಇಲ್ಲವೇ" ಎನ್ನುವವರು ಇನ್ನೊಂದು ಬಗೆ.

ಊರಾಚೆಯ ದೊಡ್ಡ ಕಟ್ಟಡದಲ್ಲಿ ಈ ವಿಷಯ ಸಾಮಾನ್ಯವಾಗಿ ಮೇಲು. ಲಾರಿ ಬರುತ್ತದೆ, ಪಂಪ್ ಬರುತ್ತದೆ, ತೂಕ ಮಾಡಿದ ಕಲಸು ಬರುತ್ತದೆ. ಇದನ್ನು ಒಪ್ಪಿಕೊಳ್ಳಲೇಬೇಕು.

ಬಣ್ಣ ಬಳಿಯುವ ಮುನ್ನ ಕಟ್ಟಡ ನೋಡುವ ಭಾಗ್ಯ ಸಿಕ್ಕರೆ ಕಾಲಂಗಳ ಬುಡ ನೋಡಿ. ಸೆಂಟ್ರಿಂಗ್ ಹಲಗೆ ಬಿಚ್ಚಿದಾಗ ಜೇನುಗೂಡಿನಂತೆ ತೂತುಗಳು ಕಂಡಿದ್ದರೆ ಕಲಸನ್ನು ಅದುರಿಸಿ ಕೂರಿಸುವ ವೈಬ್ರೇಟರ್ ಸರಿಯಾಗಿ ಹಿಡಿದಿಲ್ಲ ಎಂದರ್ಥ. ಅದನ್ನು ಸಿಮೆಂಟ್ ಹಾಲು ಬಳಿದು ಮುಚ್ಚಿರುತ್ತಾರೆ. ಸುತ್ತಲಿನ ಬಣ್ಣಕ್ಕಿಂತ ತಿಳಿಯಾದ ಮಚ್ಚೆ ಕಂಡರೆ ಬೆರಳ ಗೆಣ್ಣಿನಿಂದ ತಟ್ಟಿ. ಕಾಲಂನಲ್ಲಿ ಸರಳಿನ ಮೇಲೆ 40 ಮಿ.ಮೀ. ಕಾಂಕ್ರೀಟಿನ ಹೊದಿಕೆ ಇರಬೇಕು. ಎಲ್ಲಿಯಾದರೂ ಸರಳಿನ ಪಕ್ಕೆಲುಬು ಹೊರಗೆ ಇಣುಕುತ್ತಿದ್ದರೆ ಹತ್ತು ವರ್ಷದಲ್ಲಿ ಅಲ್ಲೇ ತುಕ್ಕು ಹಿಡಿದು ಕಾಂಕ್ರೀಟು ಉಬ್ಬಿ ಉದುರುತ್ತದೆ. ಸ್ಲ್ಯಾಬಿನ ಕೆಳಗಿನ ಆಸರೆ ಕಂಬಗಳನ್ನು ಎಷ್ಟನೇ ದಿನ ತೆಗೆದರು ಎಂದೂ ಕೇಳಿ: ಸಾಧಾರಣ ಕೋಣೆಯ ಸ್ಲ್ಯಾಬಿಗೆ 7 ದಿನ, ಬೀಮಿಗೆ 14 ದಿನ ಎನ್ನುವುದು ಕನಿಷ್ಠ, ಬೆರೆತ ಸಿಮೆಂಟಾದರೆ ಇನ್ನೂ ಹೆಚ್ಚು. ಸೆಂಟ್ರಿಂಗ್ ಸಾಮಾನು ಬಾಡಿಗೆಯದಾದರೆ ತೆಗೆಯುವ ಅವಸರವೂ ಹೆಚ್ಚು.

ಗೋಡೆಯ ವಿಷಯ. ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರ 1985ರಿಂದ ಕಲ್ಲಿದ್ದಲು ಸುಡುತ್ತಿದೆ; ಆ ಹಾರುಬೂದಿಯಿಂದ ಮಾಡಿದ ಇಟ್ಟಿಗೆಯೇ ನಮ್ಮ ಕಡೆ ಹೆಚ್ಚು ನಡೆಯುತ್ತದೆ. ಬೂದಿ ಇಟ್ಟಿಗೆ ಎಂದು ಮೂಗು ಮುರಿಯುವವರಿದ್ದಾರೆ. ಚೆನ್ನಾಗಿ ಮಾಡಿದ ಬೂದಿ ಇಟ್ಟಿಗೆ ಅರೆಬೆಂದ ಮಣ್ಣಿನ ಇಟ್ಟಿಗೆಗಿಂತ ಎಷ್ಟೋ ವಾಸಿ. ಆದರೆ ಅಚ್ಚಿನಿಂದ ತೆಗೆದು ಸಾಕಷ್ಟು ದಿನ ನೀರುಣಿಸದೆ ತಂದದ್ದಾದರೆ ಮೂಲೆ ಕೈಯಲ್ಲೇ ಪುಡಿಯಾಗುತ್ತದೆ, ಗೋಡೆ ಕಟ್ಟಿದ ಮೇಲೆ ಕುಗ್ಗಿ ಪ್ಲಾಸ್ಟರ್ ಸೀಳುತ್ತದೆ. ಸೈಟಿನಿಂದ ಒಂದು ಇಟ್ಟಿಗೆ ಕೇಳಿ ತನ್ನಿ. ಒಣಗಿದ್ದಾಗ ತೂಗಿ, ಒಂದು ದಿನ ಬಕೆಟ್ಟಿನಲ್ಲಿ ಮುಳುಗಿಸಿ, ಮತ್ತೆ ತೂಗಿ. ತೂಕ ಶೇಕಡಾ 20ಕ್ಕಿಂತ ಹೆಚ್ಚಾದರೆ ಆ ಇಟ್ಟಿಗೆ ಬೇಡ. ಮರಳಿಗೂ ಹೀಗೆಯೇ: ಗಾಜಿನ ಬಾಟಲಿಯಲ್ಲಿ ಅರ್ಧ ಮರಳು, ಮೇಲೆ ಉಪ್ಪುನೀರು, ಚೆನ್ನಾಗಿ ಕುಲುಕಿ ಮೂರು ಗಂಟೆ ಬಿಡಿ. ಮೇಲೆ ಕುಳಿತ ಕೆಸರಿನ ಪದರ ಮರಳಿನ ಶೇಕಡಾ 8ನ್ನು ಮೀರಬಾರದು. ನಾನು ಇದನ್ನು ಅವ್ವನ ಉಪ್ಪಿನಕಾಯಿ ಭರಣಿಯಲ್ಲಿ ಮಾಡಿದೆ. ಆಕೆ ಮೂರು ಗಂಟೆಯೂ ಪಕ್ಕದಲ್ಲೇ ಕುಳಿತು ನೋಡಿದಳು.

ಹಳೆಯ ಪೇಟೆಯಲ್ಲಿ ಪಕ್ಕದ ಮನೆಯನ್ನೂ ನೋಡಬೇಕು. ನೂರು ವರ್ಷದ ಮಣ್ಣು-ಕಲ್ಲಿನ ಗೋಡೆಗೆ ಅಂಟಿಕೊಂಡು ಪಾಯ ತೋಡಿದರೆ ಆ ಗೋಡೆ ಜಾರುತ್ತದೆ. ಜಾಗದ ಅಂಚಿಗೇ ಕಾಲಂ ನಿಲ್ಲಿಸಿದಾಗ ಅದರ ಪಾದ ಒಂದೇ ಬದಿಗೆ ಚಾಚಬೇಕಾಗುತ್ತದೆ. ಆ ವಾಲುವಿಕೆಯನ್ನು ತಡೆಯಲು ಒಳಗಿನ ಕಾಲಂಗೆ ಪಟ್ಟಿ ಬೀಮು ಕಟ್ಟಿರಬೇಕು. ಸ್ಟ್ರಕ್ಚರಲ್ ಎಂಜಿನಿಯರ್ ಸಹಿ ಇರುವ ನಕ್ಷೆಯಲ್ಲಿ ಅದು ಕಾಣುತ್ತದೆ. ಹಳೆಯ ಬಾವಿ, ಪಾಯಖಾನೆ ಗುಂಡಿ ಮುಚ್ಚಿದ ಜಾಗದ ಮೇಲೆ ಕಟ್ಟಿದ್ದಾರೆಯೇ ಎಂದು ಬೀದಿಯ ಹಿರಿಯರನ್ನು ಕೇಳಿ, ಅವರಿಗೆ ಗೊತ್ತಿರುತ್ತದೆ.

ಎರೆಭೂಮಿಯ ಮೇಲೆ ನಿಂತ ಕಟ್ಟಡ

ಊರಾಚೆಯ ಸಮುಚ್ಚಯ ನೋಡಲು ಹೋದಾಗ ತಮ್ಮ ಈಜುಕೊಳದ ಚಿತ್ರ ನೋಡುತ್ತಿದ್ದ, ನಾನು ಕಾಂಪೌಂಡ್ ಗೋಡೆ ನೋಡುತ್ತಿದ್ದೆ. ಗೋಡೆ ಎರಡು ಕಡೆ ಹಾವಿನಂತೆ ಬಾಗಿತ್ತು, ಒಂದು ಕಡೆ ಮೆಟ್ಟಿಲಿನಾಕಾರದ ಬಿರುಕು. ಅದು ಎರೆಮಣ್ಣಿನ ಸಹಿ. ಎರೆ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೈ ತೂರುವಷ್ಟು ಬಾಯಿ ಬಿಡುತ್ತದೆ. ಹತ್ತಿ, ತೊಗರಿಗೆ ಬಂಗಾರದಂಥ ಮಣ್ಣು; ಪಾಯಕ್ಕೆ ಮಾತ್ರ ವೈರಿ. ಅದರ ಮೇಲೆ ಕಟ್ಟುವುದು ಅಸಾಧ್ಯವೇನೂ ಅಲ್ಲ. ಉಬ್ಬು-ಕುಗ್ಗು ನಡೆಯುವ ಪದರ ದಾಟಿ, ಸಾಮಾನ್ಯವಾಗಿ 3.5 ಮೀಟರಿನಷ್ಟು ಆಳಕ್ಕೆ, ಬುಡದಲ್ಲಿ ಗಡ್ಡೆಯಂತೆ ಅಗಲವಾದ ಕಾಂಕ್ರೀಟ್ ಕಂಬಗಳನ್ನು, ಅಂದರೆ ಪೈಲ್‌ಗಳನ್ನು, ಇಳಿಸುತ್ತಾರೆ. ಅಥವಾ ಎರೆಯನ್ನು ತೆಗೆದು ಗಟ್ಟಿ ನೆಲದವರೆಗೆ ಹೋಗಿ, ಗರಸು ತುಂಬಿ ದಮ್ಮಸು ಮಾಡುತ್ತಾರೆ.

ಕಾಂಪೌಂಡ್ ಗೋಡೆ ಬಾಗಿದ ಮಾತ್ರಕ್ಕೆ ಕಟ್ಟಡದ ಪಾಯ ಕೆಟ್ಟಿದೆ ಎಂದು ತೀರ್ಮಾನಿಸಬೇಡಿ. ಗೋಡೆಗೆ ಯಾರೂ ಪೈಲ್ ಹಾಕುವುದಿಲ್ಲ. ಆದರೆ ಮಣ್ಣು ಯಾವುದು ಎಂದು ಗೋಡೆ ಹೇಳಿತು. ಆಮೇಲೆ ಕೇಳಬೇಕಾದ ಪ್ರಶ್ನೆ ಸುಲಭ: ಮಣ್ಣು ಪರೀಕ್ಷೆಯ ವರದಿ ಎಲ್ಲಿ, ಪಾಯ ಯಾವ ಬಗೆಯದು? ನಮಗೆ ಅಲ್ಲಿ ವರದಿ ತೋರಿಸಿದರು, ಪೈಲ್ ನಕ್ಷೆಯನ್ನೂ ತೋರಿಸಿದರು. ಕಟ್ಟಡ ನನಗೆ ಒಪ್ಪಿಗೆಯಾಯಿತು. ಮನೆಯೊಳಗಿನ ಕರ್ಣರೇಖೆಯ ಬಿರುಕು, ಮುಚ್ಚಿಕೊಳ್ಳದ ಬಾಗಿಲು, ಕಿಟಕಿಯ ಮೂಲೆಯಿಂದ ಓರೆಯಾಗಿ ಏರುವ ಸೀಳು, ಇವು ಯಾವುದೂ ಕಾಣಲಿಲ್ಲ.

ಒಪ್ಪಿಗೆಯಾಗದ್ದು ಬೇರೆ. ನದಿ ನೀರಿನ ಸಂಪರ್ಕ ಅಲ್ಲಿಗೆ ಇನ್ನೂ ಬಂದಿರಲಿಲ್ಲ, ಇದ್ದದ್ದು ಕೊಳವೆಬಾವಿ. ಆಟೋ ಬೇಕೆಂದರೆ ಫೋನ್ ಮಾಡಬೇಕು. ಅವ್ವ ಬಾಲ್ಕನಿಯಲ್ಲಿ ನಿಂತು ಸ್ವಲ್ಪ ಹೊತ್ತು ಹೊಲದ ಕಡೆ ನೋಡಿ, "ಇಲ್ಲಿ ನಾನು ಯಾರ ಹತ್ತಿರ ಮಾತಾಡಲಿ?" ಎಂದಳು. ಚಿಕ್ಕ ಮಕ್ಕಳಿರುವ, ಕಾರಿರುವ ಸಂಸಾರಕ್ಕೆ ನಾನು ಅದೇ ಸಮುಚ್ಚಯವನ್ನು ಹೇಳುತ್ತೇನೆ, ಇಂದಿಗೂ ಹೇಳುತ್ತಿದ್ದೇನೆ.

ಬೀದಿಯೂ ಒಂದು ನಿರ್ಮಾಣವೇ

ಬಜಾರಿನ ಫ್ಲ್ಯಾಟ್ ಮಾರುವವರು ಮೊದಲು ಹೇಳುವ ಮಾತು: "ಬೀದಿ ಹೊಸದಾಗುತ್ತದೆ, ದೀಪದ ಕಂಬ ಬರುತ್ತವೆ, ಕಲ್ಲು ಹಾಸುತ್ತಾರೆ, ಆಮೇಲೆ ಈ ದರಕ್ಕೆ ಸಿಗುವುದಿಲ್ಲ." ನಮ್ಮ ಬೀದಿ ಕಳಾಹೀನವಾಗಿದೆ ಎನ್ನುವುದು ನಿಜ. ತೆರೆದ ಚರಂಡಿ, ನೆತ್ತಿಯ ಮೇಲೆ ತಂತಿಗಳ ಜಡೆ, ಅರ್ಧ ಮುಚ್ಚಿದ ಅಂಗಡಿಗಳು. ಬೀದಿ ಎದ್ದು ನಿಲ್ಲಬೇಕೆಂದು ನನಗಿಂತ ಹೆಚ್ಚು ಬಯಸುವವರು ಯಾರೂ ಇರಲಿಕ್ಕಿಲ್ಲ. ಆದ್ದರಿಂದಲೇ ಹೇಳುತ್ತೇನೆ: ಬರಲಿರುವ ಬೀದಿಗೆ ಇಂದೇ ದುಡ್ಡು ಕೊಡಬೇಡಿ. ಇಂದಿನ ಬೀದಿಯ ಬೆಲೆಗೆ ಮನೆ ಸಿಕ್ಕರೆ ಮಾತ್ರ ತೆಗೆದುಕೊಳ್ಳಿ.

ಬೀದಿಯ ಕೆಲಸ ಸರಿಯಾಗಿ ನಡೆಯುತ್ತದೆಯೇ ಎಂಬುದನ್ನು ಅದರ ಕ್ರಮದಿಂದ ಅಳೆಯಬಹುದು. ಮೊದಲು ಒಳಚರಂಡಿ, ಆಮೇಲೆ ಕುಡಿಯುವ ನೀರಿನ ಕೊಳವೆ, ಮಳೆನೀರಿನ ಕಾಲುವೆ, ಕೇಬಲ್ ಹಾಯಿಸುವ ಪೈಪು. ಎಲ್ಲ ಮುಗಿದ ಮೇಲೆ ರಸ್ತೆ. ರಸ್ತೆ ಮೊದಲು ಬಂದರೆ ಆರು ತಿಂಗಳಲ್ಲಿ ಅದನ್ನು ಕತ್ತರಿಸುತ್ತಾರೆ. ನೀರಿನ ಕೊಳವೆ ಚರಂಡಿಯೊಳಗಿಂದ ಹಾದುಹೋಗುವುದನ್ನು ನಮ್ಮ ಓಣಿಗಳಲ್ಲಿ ಎಷ್ಟೋ ಕಡೆ ನೋಡಿದ್ದೇನೆ. 2022ರಲ್ಲಿ ಕಲುಷಿತ ನೀರು ಕುಡಿದು ಜನ ಪ್ರಾಣ ಬಿಟ್ಟ ಊರು ನಮ್ಮದು. ಹಾಸುಗಲ್ಲಿನ ಅಂದಕ್ಕಿಂತ ಮೊದಲು ನಾನು ಕೇಳುವುದು ಕೊಳವೆ ಎಲ್ಲಿ ಹೋಗುತ್ತದೆ ಎಂದು. ಕಾಮಗಾರಿಯ ಅಂದಾಜು ಪಟ್ಟಿಯನ್ನು ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕ ಕಟ್ಟಿ ಕೇಳಬಹುದು, 30 ದಿನದೊಳಗೆ ಉತ್ತರ ಬರಬೇಕು. ಅದರಲ್ಲಿ ಒಳಚರಂಡಿಯ ಸಾಲೇ ಇಲ್ಲದಿದ್ದರೆ ಅದು ಬಣ್ಣದ ಕೆಲಸ.

ಇನ್ನೊಂದು ವಿಷಯ, ಕೊಳ್ಳುವವರು ಯಾರೂ ನೋಡದ್ದು: ರಸ್ತೆಯ ಎತ್ತರ. ನಮ್ಮ ಮನೆಗೆ ಅಜ್ಜನ ಕಾಲದಲ್ಲಿ ಬೀದಿಯಿಂದ ನಾಲ್ಕು ಮೆಟ್ಟಿಲು ಇದ್ದವಂತೆ. ನನ್ನ ಬಾಲ್ಯದಲ್ಲಿ ಎರಡಿದ್ದವು. ಈಗ ಹೊಸ್ತಿಲಿನಿಂದ ಬೀದಿಗೆ ಕಾಲಿಟ್ಟರೆ ಏರಬೇಕು. ಹಳೆಯ ಪದರ ಕೆರೆದು ತೆಗೆಯದೆ ಪ್ರತಿ ಸಲ ಅದರ ಮೇಲೆಯೇ ಹೊಸ ಡಾಂಬರು, ಹೊಸ ಕಾಂಕ್ರೀಟು ಸುರಿದರು. ಮನೆಗಳು ಇದ್ದಲ್ಲೇ ಮುಳುಗಿದವು. ಮಳೆ ಬಂದರೆ ಬೀದಿಯ ನೀರು ಪಡಸಾಲೆಗೆ ಬರುತ್ತದೆ. ಹೊಸ ಕಟ್ಟಡದ ಪಾರ್ಕಿಂಗ್ ನೆಲ ಇಂದಿನ ರಸ್ತೆಯ ನಡುಮಟ್ಟಕ್ಕಿಂತ ಒಂದೂವರೆ ಅಡಿಯಾದರೂ ಮೇಲಿರಲಿ. ಸಂಪಿನ ಮುಚ್ಚಳ ಅದಕ್ಕಿಂತ ಮೇಲಿರಲಿ, ಇಲ್ಲವಾದರೆ ಮೊದಲ ದೊಡ್ಡ ಮಳೆಗೆ ಚರಂಡಿ ನೀರು ಕುಡಿಯುವ ನೀರಿಗೆ ಬೆರೆಯುತ್ತದೆ.

ರಸ್ತೆ ಅಗಲ ಮಾಡುವ ಯೋಜನೆ ಇದೆಯೇ ಎಂದು ನಗರಾಭಿವೃದ್ಧಿ ಪ್ರಾಧಿಕಾರದ ಮಹಾಯೋಜನೆಯಲ್ಲಿ ನೋಡಿ. ಇಂದು 20 ಅಡಿ ಇರುವ ಬೀದಿ ಕಾಗದದ ಮೇಲೆ 40 ಅಡಿ ಇರಬಹುದು. ಅಂಥ ಕಡೆ ಕಟ್ಟಡದ ಮುಂಭಾಗ, ಅದರೊಂದಿಗೆ ಪಾರ್ಕಿಂಗ್, ಸಂಪು, ಮೀಟರ್ ಕೋಣೆ ಒಂದು ದಿನ ಹೋಗುತ್ತವೆ. ರಾಯಚೂರು ಕೋಟೆಯ ಗೋಡೆಯ ಹತ್ತಿರದ ಜಾಗವಾದರೆ ಇನ್ನೊಂದು ವಿಚಾರಣೆ ಬೇಕು: ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಯಾವುದೇ ಸ್ಮಾರಕದ ಸುತ್ತ 100 ಮೀಟರ್‌ವರೆಗೆ ಹೊಸ ನಿರ್ಮಾಣ ನಿಷಿದ್ಧ, ಅದರಾಚೆಯ 200 ಮೀಟರ್‌ನಲ್ಲಿ ಅನುಮತಿ ಬೇಕು. ಆ ಕೋಟೆಯ ಒಳಸುತ್ತಿನ ಕಲ್ಲುಗಳನ್ನು ಗಾರೆಯೇ ಇಲ್ಲದೆ ಒಂದಕ್ಕೊಂದು ಕೂರಿಸಿದ್ದಾರೆ. 1294ರ ಶಾಸನವಿರುವ ಬಂಡೆ 41 ಅಡಿಗೂ ಹೆಚ್ಚು ಉದ್ದ. ಕಟ್ಟಡದ ಕೆಲಸ ಕಲಿಯಲು ಬಂದ ಹುಡುಗರನ್ನು ನಾನು ಮೊದಲು ಕರೆದೊಯ್ಯುವುದು ಅಲ್ಲಿಗೆ. ಸಂದು ಹೇಗೆ ಕೂತಿದೆ ಎಂದು ಕೈಯಾಡಿಸಿ ನೋಡಲಿ ಎಂದು.

ಮಾಳಿಗೆ ಮನೆ ಉಳಿಸಿಕೊಳ್ಳಬಹುದೇ?

ಈ ದಾರಿಯನ್ನು ಎಲ್ಲರೂ ಭಾವನೆಯ ಮಾತು ಎಂದು ತಳ್ಳಿಹಾಕುತ್ತಾರೆ. ನಾನು ಹಾಗೆ ಮಾಡಲಿಲ್ಲ. ಎರಡು ಅಡಿ ದಪ್ಪದ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ನಡುವೆ ಗವಾಕ್ಷಿ: ಹೊರಗೆ 43 ಡಿಗ್ರಿ ಇದ್ದಾಗಲೂ ನಮ್ಮ ಪಡಸಾಲೆಯಲ್ಲಿ ಪರ್ಸಿ ಕಲ್ಲಿನ ನೆಲದ ಮೇಲೆ ಮಲಗಿದರೆ ಬೆನ್ನಿಗೆ ತಂಪು. ನಾಲ್ಕೂವರೆ ಇಂಚಿನ ಗೋಡೆಯ ಹೊಸ ಫ್ಲ್ಯಾಟ್ ಯಾವುದೂ ಈ ತಂಪನ್ನು ಕೊಡುವುದಿಲ್ಲ.

ಮಾಳಿಗೆ ಮನೆಯ ಆಯುಷ್ಯವನ್ನು ತೊಲೆಗಳು ಹೇಳುತ್ತವೆ. ತೊಲೆಯ ತುದಿ ಗೋಡೆಯೊಳಗೆ ಕೂರುವ ಜಾಗದಲ್ಲಿ ಸಣ್ಣ ಉಳಿಯಿಂದ ಚುಚ್ಚಿ ನೋಡಬೇಕು. ಉಳಿ ಬೆಣ್ಣೆಯಲ್ಲಿ ಇಳಿದಂತೆ ಇಳಿದರೆ ಗೆದ್ದಲು ಒಳಗೆ ಮುಗಿಸಿದೆ. ನಮ್ಮ ಹನ್ನೊಂದು ತೊಲೆಗಳಲ್ಲಿ ಏಳು ಹಾಗೆ ಹೋಗಿದ್ದವು. ಪ್ರತಿ ವರ್ಷ ಮಳೆಗೆ ಮುನ್ನ ಮಾಳಿಗೆಗೆ ಮಣ್ಣು ಹಾಕಿ ಬಡಿಯುವ ಪದ್ಧತಿ ನಿಂತು ಇಪ್ಪತ್ತು ವರ್ಷವಾಗಿದೆ. ಅದರ ಬದಲು ಮೇಲೆ ಸಿಮೆಂಟ್ ಬಳಿಸಿದ್ದು ನಮ್ಮದೇ ತಪ್ಪು. ಸಿಮೆಂಟ್ ಬಿರುಕು ಬಿಟ್ಟು ನೀರು ಒಳಗಿಳಿಯಿತು, ಹೊರಗೆ ಆರಲು ದಾರಿ ಸಿಗದೆ ತೊಲೆ ಕೊಳೆಯಿತು. ನಿಮ್ಮ ಮನೆಯ ತೊಲೆಗಳು ಗಟ್ಟಿಯಾಗಿದ್ದರೆ, ಪಾಲುಪತ್ರ ಸ್ಪಷ್ಟವಾಗಿದ್ದರೆ, ಒಳಗೊಂದು ಬಚ್ಚಲು ಮಾಡಿಸಿಕೊಂಡು ಅಲ್ಲೇ ಇರಿ ಎಂದು ನಾನು ಕೈ ಹಿಡಿದು ಹೇಳುತ್ತೇನೆ. ನಮ್ಮಲ್ಲಿ ಎರಡೂ ಇರಲಿಲ್ಲ. ಕಾಕಾನ ಮಕ್ಕಳ ಪಾಲು ಇನ್ನೂ ಅವರ ಹೆಸರಿಗೆ ಆಗಿರಲಿಲ್ಲ.

ಮುಗಿದ ಫ್ಲ್ಯಾಟನ್ನು ನೋಡುವಾಗ

ಒಂದು ಮಳೆಗಾಲ ಕಂಡ ಕಟ್ಟಡ ಸಿಕ್ಕರೆ ಅದಕ್ಕಿಂತ ಒಳ್ಳೆಯ ಪರೀಕ್ಷಾ ವರದಿ ಇಲ್ಲ. ಕೊನೆಯ ಅಂತಸ್ತಿನ ಛಾವಣಿಯ ಮೂಲೆ, ಲಿಫ್ಟ್ ಗುಂಡಿ, ಮೆಟ್ಟಿಲಿನ ಅಡಿಭಾಗ, ಬಚ್ಚಲಿನ ಹಿಂಬದಿಯ ಗೋಡೆ, ಈ ನಾಲ್ಕು ಕಡೆ ಬಣ್ಣ ಸುಳ್ಳು ಹೇಳಲಾರದು. ಬಚ್ಚಲಿನಲ್ಲಿ ಒಂದು ಬಕೆಟ್ ನೀರು ಚೆಲ್ಲಿ. ಜಾಲರಿಯ ಕಡೆಗೆ ಹರಿಯಬೇಕು, ಬಾಗಿಲ ಕಡೆಗೆ ಬರಬಾರದು. ನೆಲದ ಟೈಲುಗಳನ್ನು ಐದು ರೂಪಾಯಿ ನಾಣ್ಯದಿಂದ ತಟ್ಟುತ್ತಾ ಹೋಗಿ, ಟೊಳ್ಳು ಸದ್ದು ಬಂದ ಕಡೆ ಕೆಳಗೆ ಗಾರೆ ಕೂತಿಲ್ಲ. ನಮ್ಮ ಊರಿನಲ್ಲಿ ಪಶ್ಚಿಮದ ಗೋಡೆಗೆ ಮಲಗುವ ಕೋಣೆ ಇರುವ ಮನೆಯನ್ನೂ, ಛಾವಣಿಗೆ ತಂಪು ಹೊದಿಕೆ ಇಲ್ಲದ ಮೇಲಿನ ಅಂತಸ್ತನ್ನೂ ದರ ಕಡಿಮೆಯಾದರೂ ನಾನು ಬೇಡ ಎನ್ನುತ್ತೇನೆ. ಸ್ವಂತ ಅನುಭವ: ಮದುವೆಯಾದ ಹೊಸದರಲ್ಲಿ ಅಂಥದ್ದೊಂದು ಮೇಲಿನ ಮನೆಯನ್ನು, ಕಟ್ಟಿದವರ ಮಾತು ನಂಬಿ, ಬಾಡಿಗೆಗೆ ತೆಗೆದುಕೊಂಡಿದ್ದೆವು. ರಾತ್ರಿ ಹನ್ನೊಂದಕ್ಕೂ ಗೋಡೆ ಕೈಗೆ ಸುಡುತ್ತಿತ್ತು. ಮಗುವಿಗೆ ಬೆವರುಸಾಲೆ ಎದ್ದು ಎರಡನೇ ಬೇಸಿಗೆಗೆ ಬಿಟ್ಟು ಬಂದೆವು.

ದರದ ಹೋಲಿಕೆಯಲ್ಲಿ ಕಾರ್ಪೆಟ್ ಏರಿಯಾ ಮಾತ್ರ ಲೆಕ್ಕ. 1,200 ಚದರ ಅಡಿ ಎಂದು ಹೇಳಿದ ಮನೆಯಲ್ಲಿ ಕಾಲಿಡುವ ನೆಲ 850 ಇರಬಹುದು. ಟೇಪು ಹಿಡಿದು ಅಳೆದು, ಒಟ್ಟು ಬೆಲೆಯನ್ನು ಅದರಿಂದ ಭಾಗಿಸಿ. ಜೊತೆಗೆ ನೆಲದ ಪಾಲು ಎಷ್ಟು ಬರುತ್ತದೆ ನೋಡಿ. ಬಜಾರಿನ 2,400 ಅಡಿಯಲ್ಲಿ ಎಂಟು ಮನೆಗಳಿದ್ದರೆ ತಲಾ 300 ಅಡಿ. ಊರಾಚೆಯ ಒಂದು ಎಕರೆ, ಅಂದರೆ 43,560 ಅಡಿಯಲ್ಲಿ 120 ಮನೆಗಳಿದ್ದರೆ ತಲಾ 363. ಅಡಿ ಹೆಚ್ಚು ಅಲ್ಲಿ, ಅಡಿಯ ಬೆಲೆ ಹೆಚ್ಚು ಇಲ್ಲಿ. ಕಟ್ಟಡ ಹಳತಾಗಿ ಕೆಡವುವ ದಿನ ನಿಮ್ಮ ಕೈಯಲ್ಲಿ ಉಳಿಯುವುದು ಆ ಪಾಲೇ.

ಕಾಗದಗಳ ವಿಷಯ ಚಿಕ್ಕದಾಗಿ: ಇ-ಖಾತೆ, ಋಣಭಾರ ಪ್ರಮಾಣಪತ್ರ, ಮಂಜೂರಾದ ನಕ್ಷೆ, ಊರಾಚೆಯದಾದರೆ ಎನ್‌ಎ ಆದೇಶ (ಹೊಲವನ್ನು ಕೃಷಿಯೇತರ ಬಳಕೆಗೆ ಬದಲಿಸಿದ ಆದೇಶ). ನಕ್ಷೆಯಲ್ಲಿ ಮೂರು ಅಂತಸ್ತು, ನೆಲದ ಮೇಲೆ ನಾಲ್ಕು ಇದ್ದರೆ ಅಲ್ಲಿಗೇ ಮಾತು ಮುಗಿಸಿ ಎದ್ದು ಬನ್ನಿ. ಕಟ್ಟುತ್ತಿರುವ ಮನೆಗೆ ಜಿಎಸ್‌ಟಿ ಶೇಕಡಾ 5. ನಮ್ಮಂಥ ಊರಿನಲ್ಲಿ 90 ಚದರ ಮೀಟರ್ ಕಾರ್ಪೆಟ್ ಏರಿಯಾ ಮತ್ತು 45 ಲಕ್ಷದೊಳಗಿದ್ದರೆ ಶೇಕಡಾ 1. ಕಟ್ಟಡ ಪೂರ್ಣಗೊಂಡಿದೆ ಎಂಬ ಪ್ರಮಾಣಪತ್ರ ಬಂದ ಮೇಲೆ ಕೊಂಡರೆ ಜಿಎಸ್‌ಟಿ ಇಲ್ಲ. ಸಣ್ಣ ಕಟ್ಟಡದಲ್ಲಿ ಲಿಫ್ಟ್, ಪಂಪ್ ದುರಸ್ತಿಗೆ ಯಾರು ಹಣ ಹಾಕಬೇಕು ಎಂದು ಮೊದಲೇ ಬರೆದುಕೊಳ್ಳಿ. ಎಂಟು ಮನೆಗಳಲ್ಲಿ ಇಬ್ಬರು ಕೊಡದಿದ್ದರೆ ಲಿಫ್ಟ್ ನಿಂತೇ ಹೋಗುತ್ತದೆ.

ನಾವು ಆರಿಸಿಕೊಂಡದ್ದು

ಮೇ ತಿಂಗಳಲ್ಲಿ ಗೋಣಿ ಚೀಲ ಒಣಗಿದ್ದ ಕಟ್ಟಡವನ್ನು ಬಿಟ್ಟೆವು. ಬೀದಿ ಹೇಗಿದ್ದರೂ ನಮ್ಮದೇ ಎಂದು ಅವ್ವ ಹಟ ಹಿಡಿದಳು, ಆ ಹಟ ಸರಿಯಾಗಿತ್ತು. ಅದೇ ಬೀದಿಯ ಇನ್ನೊಂದು ತುದಿಯಲ್ಲಿ ಎರಡು ಮಳೆಗಾಲ ಕಂಡ ಕಟ್ಟಡ ಸಿಕ್ಕಿತು. ಮೊದಲ ಅಂತಸ್ತು, ಪೂರ್ವದ ಬಾಗಿಲು, ಹೊರಗೋಡೆ ಒಂಬತ್ತು ಇಂಚು. ಕಟ್ಟಿಸಿದವರು ಕ್ಯೂಬ್ ವರದಿಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಇಟ್ಟಿದ್ದರು. ಐದು ವರ್ಷದ ದುರಸ್ತಿಯ ಹೊಣೆಯನ್ನು ಕರಾರಿನಲ್ಲಿ ಬರೆದು ಸಹಿ ಹಾಕಿದರು. ಎರಡು ಟೈಲು ಟೊಳ್ಳಿದ್ದವು, ನಾವು ಬರುವ ಮುನ್ನವೇ ಬದಲಿಸಿಕೊಟ್ಟರು.

ಬೀದಿಯಲ್ಲಿ ಈಗ ಒಳಚರಂಡಿಗೆ ಅಗೆಯುತ್ತಿದ್ದಾರೆ. ಧೂಳಿದೆ, ಸದ್ದಿದೆ, ಸೊಪ್ಪಿನವಳು ಸುತ್ತಿಕೊಂಡು ಬರುತ್ತಾಳೆ. ಅಗೆಯುವ ಮೊದಲೇ ಎಂಟು ಮನೆಯವರೂ ಸೇರಿ ಗೇಟಿನ ಕಂಬದ ಮೇಲೆ ರಸ್ತೆಯ ಆಗಿನ ಮಟ್ಟಕ್ಕೆ ಕೆಂಪು ಬಣ್ಣದ ಗೆರೆ ಎಳೆದು, ಪಕ್ಕದಲ್ಲಿ ದಿನಾಂಕ ಬರೆದು, ಫೋಟೋ ತೆಗೆದು ಪಾಲಿಕೆಗೆ ಅರ್ಜಿಯೊಂದಿಗೆ ಕೊಟ್ಟಿದ್ದೇವೆ: ಹೊಸ ರಸ್ತೆ ಈ ಗೆರೆಯನ್ನು ದಾಟಬಾರದು. ಕಾಮಗಾರಿಯ ಮೇಸ್ತ್ರಿಗೂ ತೋರಿಸಿದ್ದೇವೆ. ಅವ್ವ ಪ್ರತಿ ಸಂಜೆ ಗುಡಿಗೆ ಹೋಗುವಾಗ ಆ ಗೆರೆಯನ್ನು ಒಮ್ಮೆ ನೋಡಿಯೇ ಮುಂದೆ ಹೋಗುತ್ತಾಳೆ.